ಪಾಸ್‌ಪೋರ್ಟ್ ಲಕೋಟೆಯಲ್ಲಿ ಒಂದು ಚೀಟಿ ಇರಲಿ

ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಅಧಿಕಾರಿಗಳಿಗೆ, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರಿಗೆ, ಹಾಗೂ ಮನೆಯವರನ್ನು ವಿದೇಶಕ್ಕೆ ಕಳುಹಿಸಲು ಅಣಿಯಾಗುತ್ತಿರುವ ಎಲ್ಲ ಕನ್ನಡಿಗರಿಗೆ

ಮಾನ್ಯರೇ,

ಶಿವಮೊಗ್ಗದ ಒಂದು ಪ್ರವಾಸ ಸಂಸ್ಥೆಯಲ್ಲಿ ಟಿಕೆಟ್, ವೀಸಾ, ವಿಮೆಯ ಕಾಗದಪತ್ರ ಸಿದ್ಧಪಡಿಸುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮಕ್ಕಳ ಮನೆಗೆ ಹೊರಟ ತಂದೆತಾಯಂದಿರು. ಮಗಳ ಬಾಣಂತನಕ್ಕೆ ಹೋಗುವವರು, ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳು ಹೋಗುವವರು. ಉಳಿದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವ ಹುಡುಗರು, ಬ್ಯಾಂಕಾಕ್ ಮತ್ತು ಬಾಲಿಗೆ ಹೋಗುವ ಹೊಸ ದಂಪತಿಗಳು, ಕಠ್ಮಂಡುವಿನ ಮೂಲಕ ಮುಕ್ತಿನಾಥಕ್ಕೆ ಹೊರಡುವ ಹಿರಿಯರ ತಂಡಗಳು. ಪ್ರತಿಯೊಬ್ಬರಿಗೂ ಒಂದು ಫೈಲು ಮಾಡಿಕೊಡುತ್ತೇನೆ. ಪಾಸ್‌ಪೋರ್ಟಿನ ನಕಲು, ಹೋಗಿಬರುವ ಟಿಕೆಟ್, ವೀಸಾ, ಆಹ್ವಾನ ಪತ್ರ, ವಿಮೆಯ ಪಾಲಿಸಿ, ವೈದ್ಯರ ಚೀಟಿ, ಎಲ್ಲವೂ ಅದರಲ್ಲಿರುತ್ತವೆ. ಫೈಲು ಕೈಗಿಡುವಾಗ ನಾನು ಒಂದು ಪ್ರಶ್ನೆ ಕೇಳುವುದು ವಾಡಿಕೆ: ‘ಅಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಆರೋಗ್ಯ ಕೆಟ್ಟರೆ, ಮನೆಗೆ ಬೆಂಕಿ ಬಿದ್ದರೆ, ಯಾವ ನಂಬರಿಗೆ ಫೋನ್ ಮಾಡುತ್ತೀರಿ?’

ಬರುವ ಉತ್ತರ ಸಾಮಾನ್ಯವಾಗಿ ‘ಮಗನಿಗೆ’. ಕೆಲವರು ‘ರಾಯಭಾರ ಕಚೇರಿಗೆ’ ಎನ್ನುತ್ತಾರೆ. ‘ನಿಮಗೇ ಮಾಡುತ್ತೇವೆ’ ಎಂದು ನನ್ನ ಮೇಲೆ ಭಾರ ಹಾಕುವವರೂ ಇದ್ದಾರೆ. 108 ಎಂದು ಹೇಳಿದವರೂ ಉಂಟು. ಸರಿಯಾದ ಸಂಖ್ಯೆ ಹೇಳುವವರು ತೀರಾ ಅಪರೂಪ. ಇದು ಅವರ ತಪ್ಪಲ್ಲ. ಪಾಸ್‌ಪೋರ್ಟ್ ಕಚೇರಿ, ವೀಸಾ ಕೇಂದ್ರ, ವಿಮಾನ ಸಂಸ್ಥೆ, ವಿಮಾ ಕಂಪನಿ, ಮೊಬೈಲ್ ಕಂಪನಿ, ಹೀಗೆ ಇಷ್ಟು ಕೈಗಳನ್ನು ದಾಟಿ ಅವರು ದೇಶ ಬಿಡುತ್ತಾರೆ. ಆ ಸಂಖ್ಯೆಯನ್ನು ಅವರ ಭಾಷೆಯಲ್ಲಿ ಬರೆದು ಕೈಗೆ ಕೊಡುವ ಹೊಣೆ ಯಾರ ಮೇಲೂ ಇಲ್ಲ. ಆ ಹೊಣೆಯನ್ನು ನೀವು ಹೊರಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಬಹಿರಂಗ ಪತ್ರದಿಂದ ಏನಾದೀತು ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ಜಗತ್ತಿನ ಮೊದಲ ತುರ್ತು ದೂರವಾಣಿ ಸಂಖ್ಯೆ ಹುಟ್ಟಿದ್ದರ ಹಿಂದೆಯೂ ಇಂಥ ಒಂದು ಪತ್ರವಿದೆ. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಒಂದು ಮನೆಗೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ಎದುರು ಮನೆಯವರು ಅಗ್ನಿಶಾಮಕ ದಳಕ್ಕೆ ತಿಳಿಸಲು ಫೋನ್ ಎತ್ತಿದರೆ ದೂರವಾಣಿ ವಿನಿಮಯ ಕೇಂದ್ರ ಅವರನ್ನು ಸರದಿಯಲ್ಲಿ ಕಾಯಿಸಿತು. ಅವರು ಆ ಸಿಟ್ಟನ್ನು ಪತ್ರಿಕೆಗೆ ಬರೆದರು. ಸರ್ಕಾರ ವಿಚಾರಣೆ ನಡೆಸಿತು, 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಆರಂಭವಾಯಿತು. ಆ ಸಂಖ್ಯೆಗೆ ಕರೆ ಬಂದರೆ ವಿನಿಮಯ ಕೇಂದ್ರದಲ್ಲಿ ಕೆಂಪು ದೀಪ ಹೊತ್ತಿ ಭೋಂಗಾ ಕೂಗುತ್ತಿತ್ತು. ಅಮೆರಿಕದಲ್ಲಿ 911 ಮೊದಲು ಬಂದಿದ್ದು 1968ರ ಫೆಬ್ರುವರಿಯಲ್ಲಿ, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಯುರೋಪಿನ ದೇಶಗಳು 112 ಅನ್ನು ಸಮಾನ ಸಂಖ್ಯೆಯಾಗಿ ಒಪ್ಪಿಕೊಂಡಿದ್ದು 1991ರಲ್ಲಿ. ನಮ್ಮಲ್ಲಿ ಅದೇ 112 ಮೊದಲು ಜಾರಿಯಾದದ್ದು 2018ರ ನವೆಂಬರಿನಲ್ಲಿ, ಹಿಮಾಚಲ ಪ್ರದೇಶದಲ್ಲಿ. ಕರ್ನಾಟಕದವರಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿರುವುದು 108. ಆರೋಗ್ಯ ಕವಚದ ಆಂಬುಲೆನ್ಸ್‌ಗಳು 2008ರ ರಾಜ್ಯೋತ್ಸವದಿಂದ ನಮ್ಮ ರಸ್ತೆಗಳಲ್ಲಿ ಓಡಾಡುತ್ತಿವೆ.

ಒಂದೊಂದು ದೇಶ ಒಂದೊಂದು ಕಾಲದಲ್ಲಿ ತನಗೆ ಅನುಕೂಲವಾದ ಸಂಖ್ಯೆಯನ್ನು ಇಟ್ಟುಕೊಂಡಿತು. ಅದರ ಫಲವನ್ನು ಪ್ರಯಾಣಿಕರು ಅನುಭವಿಸುತ್ತಿದ್ದಾರೆ. ನಮ್ಮ ಮಂಗಳೂರು, ಉಡುಪಿ ಕಡೆಯ ಎಷ್ಟೋ ಮಂದಿ ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆ ಮಾಡುತ್ತಾ ದುಡಿಯುತ್ತಿದ್ದಾರೆ. ಅಲ್ಲಿ 100 ಪೊಲೀಸ್, ನಮ್ಮಲ್ಲಿದ್ದಂತೆಯೇ. ಆದರೆ ನಮ್ಮಲ್ಲಿ ಅಗ್ನಿಶಾಮಕಕ್ಕಿರುವ 101 ಅಲ್ಲಿ ಆಂಬುಲೆನ್ಸ್, ನಮ್ಮಲ್ಲಿ ಆಂಬುಲೆನ್ಸ್‌ಗಿರುವ 102 ಅಲ್ಲಿ ಅಗ್ನಿಶಾಮಕ. ನೇಪಾಳಕ್ಕೆ ಹೋದರೆ 100, 101, 102 ಮೂರೂ ನಮ್ಮ ಹಳೆಯ ಕ್ರಮದಲ್ಲೇ ಇವೆ. ಹಾಗಾಗಿ ಮುಕ್ತಿನಾಥದ ಯಾತ್ರಿಕರಿಗೆ ಹೇಳಿಕೊಡುವುದು ಸುಲಭ. ಜಪಾನಿನಲ್ಲಿ 119 ಒತ್ತಿದರೆ ಆಂಬುಲೆನ್ಸ್ ಮತ್ತು ಅಗ್ನಿಶಾಮಕ, ಶ್ರೀಲಂಕಾದಲ್ಲಿ ಅದೇ 119 ಒತ್ತಿದರೆ ಪೊಲೀಸ್. ಜರ್ಮನಿಯಲ್ಲಿ ಆಂಬುಲೆನ್ಸ್‌ಗೆ 112, ಪೊಲೀಸರಿಗೆ ಬೇರೆಯೇ ಇರುವ 110. ದಕ್ಷಿಣ ಕೊರಿಯಾದಲ್ಲಿ 112 ಪೊಲೀಸರದು, ಆಂಬುಲೆನ್ಸ್‌ಗೆ 119.

ದುಬೈ, ಅಬುಧಾಬಿಗೆ ಹೋಗುವವರಿಗೆ ನಾನು ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಸುತ್ತೇನೆ: ಪೊಲೀಸ್ 999, ಆಂಬುಲೆನ್ಸ್ 998, ಅಗ್ನಿಶಾಮಕ 997. ಇವು ಅಕ್ಕಪಕ್ಕದ ಸಂಖ್ಯೆಗಳಾದ್ದರಿಂದ ಗಾಬರಿಯಲ್ಲಿ ಅದಲುಬದಲಾಗುವ ಸಾಧ್ಯತೆ ಹೆಚ್ಚು. ಅದಕ್ಕೇ ಎರಡು ಸಲ ಹೇಳಿಸುತ್ತೇನೆ. ಸೌದಿಯಲ್ಲಿ ಮತ್ತೆ ಬದಲು: ಮೆಕ್ಕಾ, ರಿಯಾದ್ ಪ್ರದೇಶಗಳಲ್ಲಿ 911, ಆಂಬುಲೆನ್ಸ್‌ಗೆ 997. ದುಬೈಯ ಅಗ್ನಿಶಾಮಕದ ಸಂಖ್ಯೆ ಸೌದಿಯಲ್ಲಿ ಆಂಬುಲೆನ್ಸಿನ ಸಂಖ್ಯೆ! ಕತಾರ್ ಮತ್ತು ಬಹರೇನಿನಲ್ಲಿ 999, ಒಮಾನಿನಲ್ಲಿ 9999, ಕುವೈತಿನಲ್ಲಿ 112. ಒಂದೇ ಕಂಪನಿಯಲ್ಲಿ ಇವತ್ತು ದೋಹಾ, ಮುಂದಿನ ವರ್ಷ ದಮ್ಮಾಮ್ ಎಂದು ಊರೂರು ತಿರುಗುವ ನಮ್ಮ ಹುಡುಗರು ಇದನ್ನೆಲ್ಲ ಯಾರಿಂದ ತಿಳಿಯಬೇಕು? ಸಿಂಗಪುರದಲ್ಲಿ ಆಂಬುಲೆನ್ಸ್ 995, ಪೊಲೀಸ್ 999. ಥಾಯ್ಲೆಂಡಿನಲ್ಲಿ ಆಂಬುಲೆನ್ಸ್ 1669, ಪೊಲೀಸ್ 191, ಪ್ರವಾಸಿಗರಿಗೆಂದೇ ಇರುವ ಪ್ರವಾಸಿ ಪೊಲೀಸ್ 1155. ಭಾಷೆ ಬಾರದ ನಮ್ಮವರಿಗೆ ಈ ಕೊನೆಯದು ಬಲು ಉಪಯುಕ್ತ. ಆಸ್ಟ್ರೇಲಿಯಾಕ್ಕೆ 000, ನ್ಯೂಜಿಲೆಂಡಿಗೆ 111.

ಶ್ರೀಲಂಕಾದ ಆಂಬುಲೆನ್ಸ್ ಸಂಖ್ಯೆ 1990. ‘ಸುವ ಸೆರಿಯ’ ಎಂಬ ಆ ಉಚಿತ ಸೇವೆ 2016ರಲ್ಲಿ ಭಾರತದ ಅನುದಾನದಿಂದಲೇ ಆರಂಭವಾದದ್ದು, ನಮ್ಮ 108ರ ಮಾದರಿಯಲ್ಲೇ ರೂಪುಗೊಂಡದ್ದು. ನಮ್ಮ ದೇಶದ ಹಣದಿಂದ ಶುರುವಾದ ಆಂಬುಲೆನ್ಸಿನ ಸಂಖ್ಯೆ ರಾಮಾಯಣ ಯಾತ್ರೆಗೆಂದು ಕೊಲಂಬೊಗೆ ಹೋಗುವ ನಮ್ಮ ಯಾತ್ರಿಕರಿಗೇ ತಿಳಿದಿಲ್ಲ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

‘ಈಗಿನ ಮೊಬೈಲಿಗೆ ಎಲ್ಲ ಗೊತ್ತಿರುತ್ತದೆ, 112 ಒತ್ತಿದರೆ ಎಲ್ಲಿದ್ದರೂ ಹೋಗುತ್ತದೆ’ ಎಂದು ತಿಳಿದವರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊಬೈಲ್ ಜಾಲದ ಮಾನದಂಡದಲ್ಲೇ 112 ತುರ್ತು ಸಂಖ್ಯೆಯಾಗಿ ಸೇರಿರುವುದರಿಂದ ಅನೇಕ ದೇಶಗಳಲ್ಲಿ ಅದು ಸ್ಥಳೀಯ ಸಹಾಯಕ್ಕೆ ಸೇರುತ್ತದೆ. ಐಫೋನಿನ ಪಕ್ಕದ ಗುಂಡಿಗಳನ್ನು ಒತ್ತಿಹಿಡಿದರೆ ಆಯಾ ದೇಶದ ಸಂಖ್ಯೆಗೆ ಕರೆ ಹೋಗುವ ಏರ್ಪಾಡೂ ಇದೆ. ಆದರೆ ಆಸ್ಟ್ರೇಲಿಯಾದಲ್ಲಿ 112 ಮೊಬೈಲಿನಿಂದ ಮಾತ್ರ ಹೋಗುತ್ತದೆ, ಮನೆಯ ಸ್ಥಿರ ದೂರವಾಣಿಯಿಂದ ಹೋಗುವುದಿಲ್ಲ. ಕೊರಿಯಾದಲ್ಲಿ ಅದು ಪೊಲೀಸರನ್ನು ತಲುಪುತ್ತದೆ. ಎದೆನೋವಿನ ಹೊತ್ತಿನಲ್ಲಿ ಅಲ್ಲಿಂದ ಮತ್ತೆ ಇನ್ನೊಂದು ಕಡೆಗೆ ಸಾಗುವಷ್ಟು ವ್ಯವಧಾನ ಯಾರಿಗಿರುತ್ತದೆ?

ಫೋನಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಮಕ್ಕಳ ಮನೆಗೆ ಹೋದ ಹಿರಿಯರು ಫೋನನ್ನು ಹೇಗೆ ಬಳಸುತ್ತಾರೆ ನೋಡಿ. ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿಲ್ಲ, ಅಲ್ಲಿನ ಸಿಮ್ ಕೊಡಿಸಿಲ್ಲ, ಮನೆಯ ವೈಫೈಯಲ್ಲಿ ವಾಟ್ಸ್ಆ್ಯಪ್ ನಡೆಯುತ್ತದೆ, ಅಷ್ಟು ಸಾಕು ಎಂಬ ಭಾವನೆ. ಅವರ ಪಾಲಿಗೆ ಫೋನ್ ಎಂದರೆ ವಾಟ್ಸ್ಆ್ಯಪ್. ವಾಟ್ಸ್ಆ್ಯಪ್‌ನಿಂದ ಯಾವ ದೇಶದ ತುರ್ತು ಸಂಖ್ಯೆಗೂ ಕರೆ ಹೋಗುವುದಿಲ್ಲ. ಮಾಮೂಲಿ ಫೋನಿನ ಅಂಕಿಗಳ ಪರದೆಯಿಂದಲೇ ಒತ್ತಬೇಕು. ಫೋನ್ ಬೀಗ ಹಾಕಿದ್ದರೂ ‘ಎಮರ್ಜೆನ್ಸಿ’ ಎಂದು ಬರೆದಿರುವಲ್ಲಿ ಮುಟ್ಟಿ ಒತ್ತಬಹುದು, ಕರೆನ್ಸಿ ಖಾಲಿಯಾಗಿದ್ದರೂ ಕರೆ ಹೋಗುತ್ತದೆ, ಕರೆಗೆ ಹಣವಿಲ್ಲ. ಇಷ್ಟನ್ನು ಯಾರಾದರೂ ಎದುರು ಕೂರಿಸಿಕೊಂಡು ತೋರಿಸಿಕೊಡಬೇಕು. ಇನ್ನು ಸಿಮ್ಮೇ ಇಲ್ಲದ ಫೋನಿನ ಕತೆ. ಅಮೆರಿಕದಲ್ಲಿ ಸಿಮ್ ಇಲ್ಲದಿದ್ದರೂ 911 ಕರೆಯನ್ನು ಮೊಬೈಲ್ ಕಂಪನಿಗಳು ಸೇರಿಸಲೇಬೇಕು. ಬ್ರಿಟನ್ನಿನಲ್ಲಿ ಹಾಗಲ್ಲ, ಸಿಮ್ ಇಲ್ಲದ ಫೋನಿನಿಂದ 999 ಆಗಲಿ 112 ಆಗಲಿ ಹೋಗುವುದಿಲ್ಲ. ಜರ್ಮನಿಯೂ 2009ರಲ್ಲಿ ಅದನ್ನು ನಿಲ್ಲಿಸಿತು. ಲಂಡನ್ನಿಗೋ ಮ್ಯೂನಿಕ್‌ಗೋ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮಕ್ಕಳಿಗೆ ನನ್ನ ಒತ್ತಾಯ ಇಷ್ಟೆ: ಅಗ್ಗದ್ದೇ ಆಗಲಿ, ಇಳಿದ ದಿನವೇ ಅವರ ಫೋನಿಗೆ ಒಂದು ಸ್ಥಳೀಯ ಸಿಮ್ ಹಾಕಿಸಿಕೊಡಿ.

ನಮ್ಮಿಂದಲೇ ಟಿಕೆಟ್ ಮಾಡಿಸಿಕೊಂಡು ಅಮೆರಿಕಕ್ಕೆ ಹೋಗಿದ್ದ ತೀರ್ಥಹಳ್ಳಿ ಕಡೆಯ ಒಬ್ಬ ತಾಯಿಗೆ ಆದದ್ದನ್ನು ಇಲ್ಲಿ ಹೇಳಲೇಬೇಕು. ಬೆಳಿಗ್ಗೆ ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಯಜಮಾನರು ಬಚ್ಚಲುಮನೆಯಲ್ಲಿ ಕುಸಿದುಬಿದ್ದರು. ಆಕೆ ಮಗಳಿಗೆ ಫೋನ್ ಮಾಡಿದರು, ಮಗಳು ಎತ್ತಲಿಲ್ಲ. ಅಳಿಯ ವಿಮಾನದಲ್ಲಿದ್ದರು. ಕೊನೆಗೆ ಬೆಂಗಳೂರಿನಲ್ಲಿದ್ದ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ಕರೆ ಮಾಡಿದರು. ಇಲ್ಲಿ ಮಧ್ಯರಾತ್ರಿ. ಆತ ನಿದ್ದೆಗಣ್ಣಿನಲ್ಲಿ ಎದ್ದು ಅಳುವನ್ನು ಕೇಳಿಸಿಕೊಂಡು, ‘ಅಮ್ಮಾ, ಈ ಕರೆ ಕತ್ತರಿಸು, ಒಂಬತ್ತು ಒಂದು ಒಂದು ಒತ್ತು’ ಎಂದು ಕೂಗಿ ಹೇಳಿದ. ಆಕೆ ಒತ್ತಿದರು. ಅತ್ತಲಿಂದ ಬಂದ ಮೊದಲ ಪ್ರಶ್ನೆ ವಿಳಾಸದ್ದು. ಅಲ್ಲಿದ್ದು ಎರಡು ತಿಂಗಳಾಗಿದ್ದರೂ ಮನೆಯ ನಂಬರು, ರಸ್ತೆಯ ಹೆಸರು ಆಕೆಗೆ ತಿಳಿದಿರಲಿಲ್ಲ. ಊಟದ ಮೇಜಿನ ಮೇಲೆ ಅಂಚೆಯಲ್ಲಿ ಬಂದ ಯಾವುದೋ ಬಿಲ್ಲಿನ ಲಕೋಟೆ ಬಿದ್ದಿತ್ತು. ಆಕೆ ಅದನ್ನೆತ್ತಿಕೊಂಡು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಆಂಬುಲೆನ್ಸ್ ಬಂತು, ಯಜಮಾನರು ಉಳಿದರು. ಊರಿಗೆ ಮರಳಿದ ಮೇಲೆ ಇಬ್ಬರೂ ನಮ್ಮ ಕಚೇರಿಗೆ ಬಂದಿದ್ದರು. ‘ನನಗೆ ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಹೊತ್ತು ಅಷ್ಟು ಒದ್ದಾಡುತ್ತಿರಲಿಲ್ಲ’ ಎಂದು ಆ ತಾಯಿ ಅಂದದ್ದು ಈ ಪತ್ರಕ್ಕೆ ಕಾರಣ.

ಆ ಮಗ ಮಾಡಿದ್ದು ಸರಿಯಾಗಿತ್ತು. ತಾನೇ ಬೆಂಗಳೂರಿನಿಂದ 911 ಒತ್ತಿದ್ದರೆ ಆ ಕರೆ ಅಮೆರಿಕಕ್ಕೆ ಹೋಗುತ್ತಿರಲಿಲ್ಲ. ತುರ್ತು ಸಂಖ್ಯೆ ಕರೆ ಮಾಡುವವನು ಇರುವ ಜಾಗದ ಸಹಾಯವನ್ನು ಸೇರುತ್ತದೆಯೇ ಹೊರತು ರೋಗಿ ಇರುವ ಜಾಗದ್ದನ್ನಲ್ಲ. ಇದನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೂರದಲ್ಲಿರುವವರು ಸಹಾಯ ಕರೆಸಬೇಕಾದರೆ ಆ ಊರಿನ ಪೊಲೀಸ್ ಠಾಣೆಯದೋ ತುರ್ತು ಕೇಂದ್ರದ್ದೋ ಪೂರ್ಣ ಸಂಖ್ಯೆ ಬೇಕು, ದೇಶದ ಕೋಡ್ ಸಮೇತ. ತಂದೆತಾಯಿಯನ್ನು ಕಳುಹಿಸಿಕೊಟ್ಟ ಮಕ್ಕಳು ಅದನ್ನು ಮೊದಲೇ ಹುಡುಕಿ ಫೋನಿನಲ್ಲಿ ಉಳಿಸಿಟ್ಟುಕೊಳ್ಳಬೇಕು. ಪಕ್ಕದ ಮನೆಯವರ ನಂಬರೂ ಇದ್ದರೆ ಇನ್ನೂ ಒಳ್ಳೆಯದು.

ಇದರ ತಿರುವುಮುರುವು ಇನ್ನೂ ಹೆಚ್ಚು ಮನೆಗಳಿಗೆ ತಾಗುತ್ತದೆ. ಮಕ್ಕಳು ಸಿಡ್ನಿಯಲ್ಲೋ ಡಲ್ಲಾಸ್‌ನಲ್ಲೋ ಇದ್ದಾರೆ, ತಂದೆತಾಯಿ ಸಾಗರದಲ್ಲಿ, ಶಿರಸಿಯಲ್ಲಿ, ಹಾಸನದಲ್ಲಿ ಇಬ್ಬರೇ ಇದ್ದಾರೆ. ವಿಡಿಯೊ ಕರೆಯಲ್ಲಿ ಮಾತನಾಡುತ್ತಿದ್ದಂತೆಯೇ ಅಪ್ಪನ ಮಾತು ತೊದಲುತ್ತದೆ, ಬಾಯಿ ಒಂದು ಕಡೆಗೆ ಜಗ್ಗುತ್ತದೆ. ಡಲ್ಲಾಸ್‌ನಲ್ಲಿರುವ ಮಗಳು 108 ಒತ್ತಿದರೆ ಏನೂ ಆಗುವುದಿಲ್ಲ. 112 ಒತ್ತಿದರೆ ಡಲ್ಲಾಸ್‌ನ ತುರ್ತು ಕೇಂದ್ರವೇ ಎತ್ತೀತು. ಆಕೆಯ ಕೈಯಲ್ಲಿ ಇರಬೇಕಾದದ್ದು ತವರಿನ ತಾಲ್ಲೂಕು ಆಸ್ಪತ್ರೆಯ ಅಥವಾ ಹತ್ತಿರದ ಖಾಸಗಿ ಆಸ್ಪತ್ರೆಯ ಸ್ಥಿರ ದೂರವಾಣಿ ಸಂಖ್ಯೆ, ಜಿಲ್ಲಾ ಪೊಲೀಸ್ ನಿಯಂತ್ರಣ ಕೊಠಡಿಯ ಸಂಖ್ಯೆ, ಮನೆಯ ಬೀಗದ ಕೈ ಇರುವ ನೆರೆಯವರ ಸಂಖ್ಯೆ. ಮೂರಕ್ಕೂ ಮುಂದೆ 91 ಸೇರಿರಬೇಕು. ಅನಿವಾಸಿ ಕನ್ನಡಿಗರ ಸಂಘಗಳು ಯುಗಾದಿ, ರಾಜ್ಯೋತ್ಸವಗಳಿಗೆ ಜನರನ್ನು ಸೇರಿಸಿದಾಗ ಹತ್ತು ನಿಮಿಷ ಇದಕ್ಕೆ ಕೊಡಲಿ. ಬಂದವರು ಅಲ್ಲೇ ಕುಳಿತು ಆ ಮೂರು ನಂಬರುಗಳನ್ನು ಫೋನಿಗೆ ಹಾಕಿಕೊಂಡೇ ಎದ್ದುಹೋಗಲಿ.

ರಾಯಭಾರ ಕಚೇರಿಯ ವಿಷಯದಲ್ಲೂ ತಪ್ಪು ತಿಳಿವಳಿಕೆ ಇದೆ. ನಮ್ಮ ರಾಯಭಾರ ಕಚೇರಿಗಳು ತುರ್ತು ಸಂಖ್ಯೆಗಳನ್ನು ಇಟ್ಟಿವೆ. ದುಬೈಯಲ್ಲಿ ಕೆಲಸಗಾರರಿಗೆಂದೇ ಪ್ರವಾಸಿ ಭಾರತೀಯ ಸಹಾಯ ಕೇಂದ್ರವಿದೆ, ದೂರು ಕೊಡಲು ‘ಮದದ್’ ಎಂಬ ಜಾಲತಾಣ 2015ರಿಂದ ಇದೆ. ಪಾಸ್‌ಪೋರ್ಟ್ ಕಳೆದರೆ, ಮಾಲೀಕ ಸಂಬಳ ಕೊಡದಿದ್ದರೆ, ಪೊಲೀಸರು ಹಿಡಿದರೆ, ಯಾರಾದರೂ ತೀರಿಕೊಂಡರೆ ಅವರೇ ಆಸರೆ. ಆದರೆ ರಾಯಭಾರ ಕಚೇರಿ ಆಂಬುಲೆನ್ಸ್ ಕಳುಹಿಸುವುದಿಲ್ಲ, ಬೆಂಕಿ ಆರಿಸುವುದಿಲ್ಲ. ಮೊದಲ ಕರೆ ಸ್ಥಳೀಯ ತುರ್ತು ಸಂಖ್ಯೆಗೆ, ಎರಡನೆಯದು ಮನೆಯವರಿಗೆ, ರಾಯಭಾರ ಕಚೇರಿಗೆ ಆಮೇಲೆ. 2019ರ ಈಸ್ಟರ್ ಭಾನುವಾರ ಕೊಲಂಬೊದಲ್ಲಿ ಬಾಂಬ್ ಸಿಡಿದಾಗ ಕರ್ನಾಟಕದವರೂ ಪ್ರಾಣ ಕಳೆದುಕೊಂಡರು. ಅಂಥ ದಿನ ಊರಿನಲ್ಲಿ ಸುದ್ದಿಗೆ ಕಾಯುವ ಮನೆಯವರಿಗೆ ಬೇಕಾದದ್ದು ಅಲ್ಲಿನ ಭಾರತೀಯ ಹೈಕಮಿಷನ್ನಿನ ಸಂಖ್ಯೆ. ಹಾಗಾಗಿ ಎರಡು ಬಗೆಯ ಸಂಖ್ಯೆಗಳೂ ಬೇಕು. ಯಾವುದು ಯಾವ ಹೊತ್ತಿಗೆ ಎಂಬುದೂ ಗೊತ್ತಿರಬೇಕು.

ಕರೆ ಮಾಡಲು ಹಿಂಜರಿಯುವವರಲ್ಲಿ ಖರ್ಚಿನ ಭಯ ದೊಡ್ಡದು, ಅಮೆರಿಕಕ್ಕೆ ಹೋದವರಲ್ಲಂತೂ ಬಹಳ. ಅಲ್ಲಿ ಆಂಬುಲೆನ್ಸಿಗೆ ಭಾರಿ ಬಿಲ್ಲು ಬರುವುದು ನಿಜ. ‘ಮಕ್ಕಳಿಗೆ ಹೊರೆಯಾಗುವುದು ಬೇಡ’ ಎಂದು ಎದೆನೋವನ್ನು ನುಂಗಿಕೊಂಡು ಸಂಜೆಯವರೆಗೆ ಕೂರುವ ತಂದೆತಾಯಂದಿರು ನಮ್ಮಲ್ಲಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿನ ಆಸ್ಪತ್ರೆಗಳ ತುರ್ತು ವಿಭಾಗಗಳು ಹಣ ಇದೆಯೋ ಇಲ್ಲವೋ ಎಂದು ನೋಡದೆ ತಪಾಸಣೆ ಮಾಡಿ ಪ್ರಾಣಾಪಾಯದಿಂದ ಪಾರುಮಾಡಬೇಕೆಂಬ ಕಾನೂನು 1986ರಿಂದಲೇ ಇದೆ. ಬಿಲ್ಲಿನ ಮಾತನ್ನು ಆಮೇಲೆ ವಿಮಾ ಕಂಪನಿಯ ಜೊತೆ ಆಡಬಹುದು. ಹೃದಯಕ್ಕೆ, ಮೆದುಳಿಗೆ ರಕ್ತ ನಿಂತ ಮೇಲೆ ಕಳೆದ ಹೊತ್ತನ್ನು ಯಾವ ವಿಮೆಯೂ ಮರಳಿ ತಂದುಕೊಡುವುದಿಲ್ಲ.

ಭಾಷೆಯ ಭಯ ಇನ್ನೊಂದು. ಅಮೆರಿಕದ ಅನೇಕ ತುರ್ತು ಕೇಂದ್ರಗಳಲ್ಲಿ ದುಭಾಷಿಯನ್ನು ಕರೆಗೆ ಸೇರಿಸುವ ವ್ಯವಸ್ಥೆ ಇದೆ. ‘ಕನ್ನಡ, ಇಂಡಿಯಾ’ ಎಂದರೆ ಸಾಕು, ಫೋನ್ ಮಾತ್ರ ಇಡಬಾರದು. ದುಭಾಷಿ ಸಿಗದಿದ್ದರೂ ‘ಆಂಬುಲೆನ್ಸ್’ ಎಂಬ ಮಾತು ಎಲ್ಲ ಕಡೆ ಅರ್ಥವಾಗುತ್ತದೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಫೋನ್ ಎತ್ತಿದವರು ಮೊದಲು ಕೇಳುವುದೇ ಪೊಲೀಸೋ, ಅಗ್ನಿಶಾಮಕವೋ, ಆಂಬುಲೆನ್ಸೋ ಎಂದು. ಆ ಒಂದು ಪದ, ಆಮೇಲೆ ವಿಳಾಸ. ದುಬೈಯಲ್ಲಿ ವಿಳಾಸ ಹೇಳುವುದು ಕಷ್ಟವೆಂದು ಅಲ್ಲಿನ ಆಡಳಿತ ಪ್ರತಿ ಕಟ್ಟಡದ ಪ್ರವೇಶದ್ವಾರಕ್ಕೂ ‘ಮಕಾನಿ’ ಎಂಬ ಹತ್ತು ಅಂಕಿಗಳ ಫಲಕ ಹಾಕಿದೆ. ಆ ಅಂಕಿಗಳನ್ನು ಓದಿದರೆ ಕಟ್ಟಡದ ಯಾವ ಬಾಗಿಲು ಎಂಬುದೂ ತಿಳಿಯುತ್ತದೆ. ಕಾರ್ಮಿಕರ ವಸತಿಗೆ ಹೋಗುವ ಹುಡುಗರಿಗೆ ನಾನು ಹೇಳುವುದು: ಇಳಿದ ದಿನವೇ ಬಾಗಿಲ ಬಳಿಯ ಆ ಫಲಕದ ಫೋಟೊ ತೆಗೆದುಕೊಳ್ಳಿ.

ಹೋಟೆಲಿನಲ್ಲಿ ಉಳಿಯುವವರಿಗೆ ಬೇರೊಂದು ಎಚ್ಚರಿಕೆ. ಕೋಣೆಯ ದೂರವಾಣಿಯಿಂದ ಹೊರಗೆ ಕರೆ ಮಾಡಲು ಮೊದಲು 9 ಅಥವಾ 0 ಒತ್ತಬೇಕಾದ ಕಡೆಗಳಿವೆ. 2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸ್‌ನ ಒಂದು ಮೋಟೆಲಿನಲ್ಲಿ ಕ್ಯಾರಿ ಹಂಟ್ ಎಂಬ ಮಹಿಳೆಯ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಒಂಬತ್ತು ವರ್ಷದ ಮಗಳು ಶಾಲೆಯಲ್ಲಿ ಕಲಿತಂತೆಯೇ 911 ಒತ್ತಿದಳು, ನಾಲ್ಕು ಸಲ ಒತ್ತಿದಳು. ಅದಕ್ಕೆ ಮೊದಲು ಇನ್ನೊಂದು 9 ಒತ್ತಬೇಕೆಂದು ಆ ಮಗುವಿಗೆ ಗೊತ್ತಿರಲಿಲ್ಲ. ತಾಯಿ ಉಳಿಯಲಿಲ್ಲ. ಮಗುವಿನ ಅಜ್ಜ ಬಿಡದೆ ಹೋರಾಡಿ, ಹೋಟೆಲು ಕಚೇರಿಗಳ ಫೋನಿನಿಂದ 911 ನೇರವಾಗಿ ಹೋಗಲೇಬೇಕು ಎಂಬ ಕಾನೂನನ್ನು 2018ರಲ್ಲಿ ತರಿಸಿದರು. ಅದಕ್ಕೆ ಕ್ಯಾರಿಯ ಹೆಸರೇ ಇದೆ. ಅಮೆರಿಕದ ಹೊರಗೆ ಆ ಕಾನೂನು ನಡೆಯುವುದಿಲ್ಲ. ನಮ್ಮವರು ಕೋಣೆಗೆ ಹೋದ ಕೂಡಲೇ ದೂರವಾಣಿಯ ಪಕ್ಕದಲ್ಲಿರುವ ಸೂಚನೆಯನ್ನು ಒಮ್ಮೆ ಓದಿಕೊಳ್ಳಬೇಕು, ಇಲ್ಲವಾದರೆ ಸ್ವಾಗತಕಾರರನ್ನು ಕೇಳಿಕೊಳ್ಳಬೇಕು.

ಪಾಸ್‌ಪೋರ್ಟ್ ಅಧಿಕಾರಿಗಳೇ, ನಿಮ್ಮಲ್ಲಿ ನನ್ನ ಬೇಡಿಕೆ ಇದು. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್ ಲಕೋಟೆಯಲ್ಲಿ ಮನೆಗೇ ಬರುತ್ತದೆ. ಆ ಲಕೋಟೆಯನ್ನು ತೆರೆಯದ ಮನೆ ಇಲ್ಲ. ಅದರೊಳಗೆ ಪಾಸ್‌ಪೋರ್ಟಿನ ಅಳತೆಯ ಒಂದು ದಪ್ಪ ಚೀಟಿಯನ್ನು ಇಡಿ. ಒಂದು ಬದಿಯಲ್ಲಿ ಕನ್ನಡಿಗರು ಹೆಚ್ಚಾಗಿ ಹೋಗುವ ಹದಿನೈದಿಪ್ಪತ್ತು ದೇಶಗಳ ತುರ್ತು ಸಂಖ್ಯೆಗಳು ದಪ್ಪ ಅಕ್ಷರದಲ್ಲಿರಲಿ, ಕನ್ನಡಕ ಇಲ್ಲದೆಯೂ ಓದುವಂತೆ. ಇನ್ನೊಂದು ಬದಿಯಲ್ಲಿ ಅಲ್ಲಿನ ವಿಳಾಸ ಮತ್ತು ಮನೆಯವರ ನಂಬರು ಬರೆದುಕೊಳ್ಳಲು ಖಾಲಿ ಗೆರೆಗಳು, ರಕ್ತದ ಗುಂಪು, ಅಲರ್ಜಿ ಇರುವ ಔಷಧಿಯ ಹೆಸರು ಬರೆಯಲು ಜಾಗ ಇರಲಿ. ಪಾಸ್‌ಪೋರ್ಟಿನೊಳಗೆ ಈಗಲೂ ಸೂಚನೆಗಳಿವೆ, ವಿದೇಶದಲ್ಲಿ ನೆಲೆಸಿದವರು ಹತ್ತಿರದ ಭಾರತೀಯ ದೂತಾವಾಸದಲ್ಲಿ ಹೆಸರು ನೋಂದಾಯಿಸಿಕೊಳ್ಳಿ ಎಂಬ ಸಲಹೆಯೂ ಇದೆ. ಅದು ಕನ್ನಡದಲ್ಲಿಲ್ಲ, ನಮ್ಮ ಹಿರಿಯರು ಅದನ್ನು ಓದಿದ್ದನ್ನು ನಾನು ಕಂಡಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲಿಗೆ ಆರಂಭವಾದ ಎರಡು ಊರುಗಳಲ್ಲಿ ನಮ್ಮ ಮೈಸೂರು ಒಂದು. ಹೊಸದನ್ನು ಮೊದಲು ಮಾಡಿ ತೋರಿಸುವುದು ಈ ರಾಜ್ಯಕ್ಕೆ ಅಪರಿಚಿತವಲ್ಲ. ಚೀಟಿಯನ್ನೂ ಮೈಸೂರಿನಿಂದಲೇ ಶುರುಮಾಡಿ ನೋಡಬಹುದು.

ಹತ್ತು ವರ್ಷದ ಅವಧಿಯ ಪಾಸ್‌ಪೋರ್ಟಿಗೆ ಇವತ್ತಿನ ಚೀಟಿ ಹೇಗೆ ಸಾಕು ಎಂದು ನೀವು ಕೇಳಬಹುದು. ತುರ್ತು ಸಂಖ್ಯೆಗಳು ಆಗಾಗ ಬದಲಾಗುವಂಥವಲ್ಲ. ಬ್ರಿಟನ್ನಿನ 999 ಇಂದಿಗೂ ಅದೇ. ಬದಲಾದರೂ ತಿಳಿಸುವ ದಾರಿ ಇದೆ, ಅದು ದೂರಸಂಪರ್ಕ ಪ್ರಾಧಿಕಾರದ ಕೈಯಲ್ಲಿದೆ.

ಪ್ರಾಧಿಕಾರದ ಅಧ್ಯಕ್ಷರೇ, 2015ರಲ್ಲಿ ದೇಶಕ್ಕೆಲ್ಲ 112 ಎಂಬ ಒಂದೇ ಸಂಖ್ಯೆ ಇರಲಿ ಎಂದು ಶಿಫಾರಸು ಮಾಡಿದ್ದು ನಿಮ್ಮ ಪ್ರಾಧಿಕಾರವೇ. ಆ ಕಾಳಜಿ ಗಡಿಯಾಚೆಗೂ ಹೋಗಲಿ. ಭಾರತದ ಸಿಮ್ ಇರುವ ಫೋನನ್ನು ಬೇರೆ ದೇಶದಲ್ಲಿ ಚಾಲೂ ಮಾಡಿದ ಕೂಡಲೇ ಸ್ವಾಗತದ ಸಂದೇಶ ಬರುತ್ತದೆ. ನಮ್ಮ ಗ್ರಾಹಕರು ತೋರಿಸಿದ ಸಂದೇಶಗಳಲ್ಲಿ ನಾನು ಕಂಡದ್ದು ಕರೆಯ ದರ, ಡೇಟಾದ ದರ, ಯಾವ ಪ್ಯಾಕ್ ಕೊಳ್ಳಬೇಕೆಂಬ ಸಲಹೆ. ಯುರೋಪಿನ ಒಕ್ಕೂಟದಲ್ಲಿ ಒಂದು ದೇಶದ ಗ್ರಾಹಕ ಇನ್ನೊಂದು ದೇಶಕ್ಕೆ ಕಾಲಿಟ್ಟರೆ 112ರ ಮಾಹಿತಿಯನ್ನು ಮೊಬೈಲ್ ಕಂಪನಿ ತಾನಾಗಿಯೇ ಕಳುಹಿಸಬೇಕೆಂಬ ನಿಯಮವಿದೆ. ಅದೇ ನಿಯಮ ನಮ್ಮ ಕಂಪನಿಗಳಿಗೂ ಬರಲಿ. ಇಳಿದ ದೇಶದ ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕ ಸಂಖ್ಯೆಗಳೂ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆಯೂ ದರಪಟ್ಟಿಗಿಂತ ಮೊದಲು, ಗ್ರಾಹಕ ಆರಿಸಿಕೊಂಡ ಭಾಷೆಯಲ್ಲಿ ಬರಲಿ. ಯಾರು ಯಾವ ದೇಶದಲ್ಲಿ ಇಳಿದಿದ್ದಾರೆಂದು ಕಂಪನಿಗೆ ಆ ಕ್ಷಣಕ್ಕೆ ಗೊತ್ತಿರುತ್ತದೆ, ಇಲ್ಲವಾದರೆ ದರಪಟ್ಟಿ ಬರುತ್ತಿರಲಿಲ್ಲ. ಬೇರೆ ಯಾವ ಇಲಾಖೆಗೂ ಇಷ್ಟು ಸುಲಭವಾಗಿ ಇದು ತಿಳಿಯುವುದಿಲ್ಲ.

ಇಂಥ ತಯಾರಿ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಹಜ್‌ಗೆ ಹೊರಡುವ ಮುನ್ನ ಯಾತ್ರಿಕರನ್ನು ಕೂರಿಸಿ ತರಬೇತಿ ಕೊಡುವ ಪದ್ಧತಿ ಇದೆ. ಕೈಲಾಸ ಮಾನಸ ಸರೋವರಕ್ಕೆ ಹೋಗಿಬಂದವರಿಗೆ ರಾಜ್ಯ ಸರ್ಕಾರ ಸಹಾಯಧನ ಕೊಡುತ್ತದೆ. ಸಹಾಯಧನದ ಅರ್ಜಿ ಯಾತ್ರೆ ಮುಗಿದ ಮೇಲೆ ಬರುತ್ತದೆಯಾದರೂ, ಹೊರಡುವ ಮೊದಲೇ ಒಂದು ಹಾಳೆಯನ್ನು ಕೈಗಿಡಲು ಮುಜರಾಯಿ ಇಲಾಖೆಗೆ ಯಾವ ಅಡ್ಡಿಯೂ ಇಲ್ಲ. ನಮ್ಮ ವೃತ್ತಿಯವರಿಗೂ ಇದೇ ಮಾತು: ಟಿಕೆಟಿನ ಮುಂದಿನ ಪುಟದಲ್ಲಿ ನಮ್ಮ ಸಂಸ್ಥೆಯ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕಿಸುತ್ತೇವೆ, ಅದರ ಕೆಳಗೆ ಹೋಗುವ ದೇಶದ ತುರ್ತು ಸಂಖ್ಯೆಯನ್ನೂ ಹಾಕಿಸೋಣ. ಸರ್ಕಾರದ ಆದೇಶಕ್ಕೆ ಕಾಯುವ ಅಗತ್ಯವಿಲ್ಲ.

ಚೀಟಿಯ ಕನ್ನಡ ಕರಡು ನನ್ನ ಬಳಿ ಸಿದ್ಧವಿದೆ. ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯಿಂದ ಸಂಖ್ಯೆಗಳನ್ನು ಒಮ್ಮೆ ದೃಢಪಡಿಸಿಕೊಂಡು, ಮುದ್ರಣವಾದ ವರ್ಷವನ್ನು ಮೂಲೆಯಲ್ಲಿ ನಮೂದಿಸಿ, ಪ್ರತಿ ವರ್ಷ ಪರಿಶೀಲಿಸುವ ಹೊಣೆಯನ್ನು ಒಬ್ಬ ಅಧಿಕಾರಿಗೆ ವಹಿಸಬೇಕು. ಸುಳ್ಳು ಸಂಖ್ಯೆ ಇರುವ ಚೀಟಿ ಚೀಟಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಹಾಗಾಗಿ ಈ ಪರಿಶೀಲನೆಯನ್ನು ಬಿಟ್ಟು ಮುದ್ರಿಸಬೇಡಿ. ಕರಡನ್ನು ಯಾವ ವಿಳಾಸಕ್ಕೆ ಕಳುಹಿಸಬೇಕೆಂದು ತಿಳಿಸಿದರೆ ಮರುದಿನದ ಅಂಚೆಗೇ ಹಾಕುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರವಾಸ ಸಂಸ್ಥೆಯೊಂದರ ಉದ್ಯೋಗಿ, ಶಿವಮೊಗ್ಗ